ಹಳೆಯ ಎಂಜಿಬಿಗೆ ಯಾವ ಶಾಕ್ ಅಬ್ಸಾರ್ಬರ್?

ಎಂಜಿಬಿ ಸ್ಪೋರ್ಟ್ಸ್ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಪಕ್ಕಕ್ಕಿಟ್ಟರೆ ಆ ಕಡೆಯ ಚಕ್ರ ನೆಟ್ಟಗೆ ನಿಲ್ಲುವುದೇ ಇಲ್ಲ. ಮೇಲಿನ ಹಿಡಿತ ತಪ್ಪಿ ಹೊರಕ್ಕೆ ವಾಲಿಬಿಡುತ್ತದೆ. ಉದ್ದನೆಯ ಕೊಳವೆಯಂಥ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರುಗಳನ್ನೇ ನೋಡುತ್ತ ಬಂದವರಿಗೆ ಮೊದಲ ಸಲ ಇದನ್ನು ಕಂಡಾಗ ಅಚ್ಚರಿಯಾಗುತ್ತದೆ. ಎಂಜಿಬಿಯಲ್ಲಿ ಶಾಕ್ ಅಬ್ಸಾರ್ಬರ್ ಎಂದರೆ ಅಲ್ಯೂಮಿನಿಯಂ ಎರಕದ ಒಂದು ಗಟ್ಟಿ ಪೆಟ್ಟಿಗೆ. ನಾಲ್ಕು ಬೋಲ್ಟುಗಳ ಮೇಲೆ ಮುಂದಿನ ಅಡ್ಡತೊಲೆಗೆ ಕೂರುತ್ತದೆ. ಅದರ ಎರಡೂ ಪಕ್ಕದಿಂದ ಒಂದೊಂದು ಉಕ್ಕಿನ ತೋಳು ಹೊರಟು, ತುದಿಯಲ್ಲಿ ಸೇರಿ, ಕಿಂಗ್‌ಪಿನ್ನಿನ ನೆತ್ತಿಯನ್ನು ಹಿಡಿದುಕೊಳ್ಳುತ್ತವೆ. ಚಕ್ರದ ಕುಣಿತವನ್ನು ತಡೆಯುವ ಸಾಧನವೇ ಇಲ್ಲಿ ಚಕ್ರವನ್ನು ಹೊತ್ತು ನಡೆಸುವ ಮೇಲಿನ ವಿಶ್‌ಬೋನ್ ಕೂಡ ಹೌದು.

ಹಳೆಯ ಕಾರನ್ನು ಮತ್ತೆ ಕಟ್ಟುವವರು ಶಾಕ್ ಅಬ್ಸಾರ್ಬರಿನ ವಿಷಯವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯುವುದು, ಇಂಜಿನ್ ಬೋರಿಂಗ್, ಪೇಂಟು, ಕ್ರೋಮು, ಸೀಟಿನ ಚರ್ಮ ಎಲ್ಲ ಮುಗಿಯುವ ಹೊತ್ತಿಗೆ ಹಣವೂ ತಾಳ್ಮೆಯೂ ಕರಗಿರುತ್ತವೆ. ಆಗ ಕ್ಯಾಟಲಾಗ್ ತೆರೆದು, ಬಣ್ಣ ನೋಡಿಯೋ ಹೆಸರು ನೋಡಿಯೋ ಒಂದು ಜೋಡಿ ತರಿಸಿಬಿಡುತ್ತಾರೆ. ಇದು ತಲೆಕೆಳಗಾದ ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಪೇಂಟು ಕಾರು ನಿಂತಾಗ ಕಾಣುತ್ತದೆ. ಓಡುವಾಗ ಅದು ಎಂಜಿಬಿಯೋ ಬೇರೆ ಇನ್ನೇನೋ ಎಂಬುದನ್ನು ತೀರ್ಮಾನಿಸುವುದು ಈ ನಾಲ್ಕು ಪೆಟ್ಟಿಗೆಗಳು.

ಎಂಜಿಬಿ ಬಂದದ್ದು 1962ರಲ್ಲಿ. ಆಕ್ಸ್‌ಫರ್ಡ್ ಹತ್ತಿರದ ಆ್ಯಬಿಂಗ್ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ 1980ರವರೆಗೂ ತಯಾರಾಯಿತು. ಜಿಟಿ ಮಾದರಿಗಳೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ವಿನ್ಯಾಸದ ಹೊಣೆ ಹೊತ್ತವರು ಸಿಡ್ ಎನೆವರ್. ದೇಹ ಆ ಕಾಲಕ್ಕೆ ಹೊಸ ಬಗೆಯದು, ಬೇರೆ ಚಾಸಿಸ್ ಇಲ್ಲದ ಒಂದೇ ತುಂಡಿನ ಕಟ್ಟಡ. ಮುಂದಿನ ಸಸ್ಪೆನ್ಷನ್ ಮಾತ್ರ ಹಳೆಯ ಬಳುವಳಿ. ಮುಂದೆ ಮಿನಿ ಕಾರಿನಿಂದ ಜಗತ್ಪ್ರಸಿದ್ಧರಾದ ಅಲೆಕ್ ಇಸಿಗೊನಿಸ್ ಮತ್ತು ಅವರ ಸಹೋದ್ಯೋಗಿ ಜಾಕ್ ಡೇನಿಯಲ್ಸ್ ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಅದರ ಮೂಲ ರೂಪವನ್ನು ರಚಿಸಿದ್ದರು. 1947ರ ಎಂಜಿ ವೈ-ಟೈಪ್‌ನಲ್ಲಿ ಅದು ರಸ್ತೆಗೆ ಬಂತು. ಟಿಡಿ, ಟಿಎಫ್, ಎಂಜಿಎ ದಾಟಿ, ತಿದ್ದುಪಡಿಗಳೊಂದಿಗೆ ಎಂಜಿಬಿಗೂ ಇಳಿಯಿತು. ಅದೇ 1962ರಲ್ಲಿ ಬಂದ ಲೋಟಸ್ ಎಲಾನ್, ಟ್ರಯಂಫ್ ಸ್ಪಿಟ್‌ಫೈರ್ ಎರಡೂ ನಾಲ್ಕೂ ಚಕ್ರಕ್ಕೆ ಟೆಲಿಸ್ಕೋಪಿಕ್ ಬಳಸಿದ್ದವು. ಹಾಗಾಗಿ ಎಂಜಿಬಿಯ ತೋಳಿರುವ, ಅಂದರೆ ಲಿವರ್ ಮಾದರಿಯ, ಶಾಕ್ ಅಬ್ಸಾರ್ಬರ್ ಹುಟ್ಟುವಾಗಲೇ ಹಳತು ಎಂಬ ಟೀಕೆ ಆಗಿನಿಂದಲೂ ಇದೆ. ಆದರೆ 1965ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಎಂಜಿಬಿ ಒಟ್ಟಾರೆ 11ನೇ ಸ್ಥಾನ ಪಡೆಯಿತು. ಮರುವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ಮ್ಯಾರಥಾನ್ ಓಟವನ್ನೇ ಗೆದ್ದಿತು. ಆ ಅಂಕುಡೊಂಕಿನ ಹಾದಿಯಲ್ಲಿ ಮೂರೂವರೆ ದಿನ ಓಡಿ ಗೆದ್ದ ಕಾರಿನ ಸಸ್ಪೆನ್ಷನ್ನಿಗೆ ದುರ್ಬಲವೆಂಬ ಹಣೆಪಟ್ಟಿ ಒಪ್ಪುವುದಿಲ್ಲ.

ಈ ಲಿವರ್ ಶಾಕ್ ಅಬ್ಸಾರ್ಬರುಗಳನ್ನು ಮಾಡಿದ್ದು ಇಂಗ್ಲೆಂಡಿನ ಯಾರ್ಕ್‌ಷೈರಿನ ಆರ್ಮ್‌ಸ್ಟ್ರಾಂಗ್ ಕಂಪನಿ. ಹಳೆಯ ಕಾರು ರಿಪೇರಿ ಮಾಡುವ ಎಲ್ಲರೂ ಈ ಹೆಸರನ್ನು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಬ್ರಿಟಿಷ್ ಲೇಲ್ಯಾಂಡ್ ಕಾರುಗಳಿಗೆ ಹೊಂದುವ ಸೈಲೆನ್ಸರ್ ಕೊಳವೆಗಳನ್ನು ಆರ್ಮ್‌ಸ್ಟ್ರಾಂಗ್ ತಯಾರಿಸಿ ಮಾರಿದಾಗ ಲೇಲ್ಯಾಂಡ್ ತನ್ನ ನಕ್ಷೆಯ ಹಕ್ಕು ಮುಂದಿಟ್ಟು ಕೋರ್ಟಿಗೆ ಹೋಯಿತು. 1986ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆರ್ಮ್‌ಸ್ಟ್ರಾಂಗ್ ಪರ ತೀರ್ಪಿತ್ತಿತು. ಕಾರು ಕೊಂಡವನಿಗೆ ಅದನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿದೆ, ತಯಾರಕ ತನ್ನ ನಕ್ಷೆಯ ಹಕ್ಕು ಹಿಡಿದು ಅದಕ್ಕೆ ಅಡ್ಡ ನಿಲ್ಲುವಂತಿಲ್ಲ ಎಂದಿತು. ಬೇರೆಯವರು ಮಾಡಿದ ಬಿಡಿಭಾಗ ಕೊಳ್ಳುವ ಸ್ವಾತಂತ್ರ್ಯಕ್ಕೆ ಬಲ ತುಂಬಿದ ತೀರ್ಪುಗಳಲ್ಲಿ ಇದೂ ಒಂದು.

ಪೆಟ್ಟಿಗೆಯ ಒಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಆಯ್ಕೆಯ ಗುಟ್ಟೆಲ್ಲ ಇರುವುದು ಅಲ್ಲೇ. ಕಾರಿನ ತೂಕ ಹೊರುವುದು ಸ್ಪ್ರಿಂಗು. ಗುಂಡಿಗೆ ಬಿದ್ದಾಗ ಅದು ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ, ಮರುಕ್ಷಣ ತಿರುಗಿ ಕೊಡುತ್ತದೆ. ತಡೆಯುವವರಿಲ್ಲದಿದ್ದರೆ ಕಾರು ತೂಗುತ್ತಲೇ ಇರುತ್ತದೆ. ಆ ಶಕ್ತಿಯನ್ನು ಕಿತ್ತುಕೊಂಡು ಶಾಖವಾಗಿ ಗಾಳಿಗೆ ಬಿಡುವುದು ಶಾಕ್ ಅಬ್ಸಾರ್ಬರಿನ ಕೆಲಸ. ಲಿವರ್ ಮಾದರಿಯಲ್ಲಿ ತೋಳು ಏರಿಳಿದಂತೆ ಒಳಗಿನ ಅಡ್ಡ ಶಾಫ್ಟು ತಿರುಗಿ ಎರಡು ಪಿಸ್ಟನ್ನುಗಳನ್ನು ಹಿಂದೆ ಮುಂದೆ ತಳ್ಳುತ್ತದೆ. ಎಣ್ಣೆ ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ವಾಲ್ವಿನ ಮೂಲಕವೇ ಹೋಗಬೇಕು. ನಿಧಾನ ಚಲನೆಯಲ್ಲಿ ಅದು ಸಣ್ಣ ದಾರಿಯಲ್ಲಿ ನುಸುಳುತ್ತದೆ. ಜೋರಾದ ಏಟು ಬಿದ್ದಾಗ ಸ್ಪ್ರಿಂಗ್ ಒತ್ತಿದ ವಾಲ್ವು ತೆರೆದುಕೊಳ್ಳುತ್ತದೆ. ಚಕ್ರ ಮೇಲೇರುವಾಗ ಒಂದು ಬಿಗಿ, ಇಳಿಯುವಾಗ ಇನ್ನೊಂದು. ಇಳಿಯುವಾಗಿನ ಬಿಗಿಯೇ ಹೆಚ್ಚು. ಏರುವಾಗ ತಡೆಯಲು ಸ್ಪ್ರಿಂಗೂ ಜೊತೆಗಿರುತ್ತದೆ, ಇಳಿಯುವಾಗ ಆ ಸ್ಪ್ರಿಂಗನ್ನೇ ತಡೆಯಬೇಕು.

ಸಾಮಾನ್ಯ ರಸ್ತೆ ಕಾರಿನ ದೇಹ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವ ಸ್ವಭಾವದ್ದು. ಚಕ್ರ ಮತ್ತು ಆಕ್ಸಲ್ ಹಾಗಲ್ಲ, ಸೆಕೆಂಡಿಗೆ 10ರಿಂದ 15 ಸಲ ಅದುರುತ್ತವೆ. ಈ ನಿಧಾನದ ತೂಗಾಟ, ಆ ವೇಗದ ಅದುರಾಟ ಎರಡನ್ನೂ ಒಂದೇ ವಾಲ್ವು ಸಂಭಾಳಿಸಬೇಕು. ಹೆಚ್ಚು ಬಿಗಿ ಎಂದರೆ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಮುರಿದು ಬೀಳುವುದು ಇಲ್ಲೇ. ಅತಿ ಬಿಗಿಯಾದರೆ ಒರಟು ರಸ್ತೆಯಲ್ಲಿ ಚಕ್ರ ನೆಲದ ಏರುತಗ್ಗನ್ನು ಹಿಂಬಾಲಿಸಲಾರದೆ ಗಾಳಿಯಲ್ಲಿ ಹಾರುತ್ತದೆ. ಆ ಕ್ಷಣ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಲಿವರ್ ಮಾದರಿಗೆ ನಿಜವಾದ ದೌರ್ಬಲ್ಯ ಒಂದಿದೆ. ಚಕ್ರ ಇಂಚುಗಟ್ಟಲೆ ಚಲಿಸಿದರೂ ಒಳಗಿನ ಪಿಸ್ಟನ್ ಚಲಿಸುವುದು ಅದರ ಸಣ್ಣ ಪಾಲು. ಆದ್ದರಿಂದ ಎಣ್ಣೆಯ ಒತ್ತಡ ಬಹಳ ಹೆಚ್ಚು, ಎಣ್ಣೆಯ ಪ್ರಮಾಣ ಕಡಿಮೆ. ಕೆಟ್ಟ ರಸ್ತೆಯಲ್ಲಿ ದೀರ್ಘ ಕಾಲ ಓಡಿದರೆ ಎಣ್ಣೆ ಬಿಸಿಯೇರಿ ತೆಳುವಾಗಿ ಹಿಡಿತ ಸಡಿಲುತ್ತದೆ. ಶಾಫ್ಟಿನ ಬುಷ್ ಸವೆದರೆ ಸೀಲಿನ ಪಕ್ಕದಿಂದ ಎಣ್ಣೆ ಸೋರುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮುಂದಿನ ಶಾಫ್ಟು ಸಡಿಲವಾದರೆ ಚಕ್ರದ ಓರೆಯೇ ಬದಲಾಗುತ್ತ ಹೋಗುತ್ತದೆ, ಕಾರು ನೇರ ರಸ್ತೆಯಲ್ಲೂ ಅತ್ತಿತ್ತ ಹುಡುಕಾಡುತ್ತದೆ.

ಕೊಳ್ಳುವ ಮಾತಿಗಿಂತ ಮೊದಲು ಪರೀಕ್ಷೆ. ಮೂಲೆ ಅದುಮಿ ಬಿಟ್ಟು ಕಾರು ಎಷ್ಟು ಸಲ ತೂಗುತ್ತದೆ ಎಂದು ನೋಡುವುದು ಎಲ್ಲರಿಗೂ ಗೊತ್ತು. ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಅದು ಹಿಡಿದುಕೊಡುತ್ತದೆ, ಅರೆಜೀವದ್ದನ್ನು ಹಿಡಿಯುವುದಿಲ್ಲ. ಹಿಂದಿನದಾದರೆ ಆಕ್ಸಲ್ಲಿಗೆ ಹೋಗುವ ಲಿಂಕ್ ಕಳಚಿ, ತೋಳನ್ನು ಕೈಯಿಂದ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ ನೋಡಬೇಕು. ಉದ್ದಕ್ಕೂ ಒಂದೇ ಸಮನೆ ಗಡಸಾಗಿ ಚಲಿಸಿದರೆ ಆರೋಗ್ಯ ಚೆನ್ನಾಗಿದೆ. ದಿಕ್ಕು ಬದಲಿಸಿದ ಕೂಡಲೇ ಸ್ವಲ್ಪ ದೂರ ತಡೆಯಿಲ್ಲದೆ ಹೋಗಿ ಆಮೇಲೆ ಹಿಡಿದರೆ ಒಳಗೆ ಗಾಳಿ ಸೇರಿದೆ ಅಥವಾ ಎಣ್ಣೆ ಕಡಿಮೆಯಾಗಿದೆ. ಎಣ್ಣೆ ತುಂಬಿಸುವ ಬಿರಡೆ ತೆಗೆಯುವ ಮುನ್ನ ಸುತ್ತಲಿನ ಮಣ್ಣನ್ನು ಬ್ರಷ್ ಹಾಕಿ ಪೂರ್ತಿ ತೊಳೆಯಬೇಕು. ಒಂದು ಮರಳಿನ ಕಣ ಒಳಗೆ ಹೋದರೂ ವಾಲ್ವು ಕೆಡುತ್ತದೆ. ಆರ್ಮ್‌ಸ್ಟ್ರಾಂಗಿನದೇ ಎಣ್ಣೆ ಸಿಗದಿದ್ದರೆ ಎಸ್‌ಎಇ 20ಡಬ್ಲ್ಯು ದರ್ಜೆಯ ಒಳ್ಳೆಯ ಮಿನರಲ್ ಎಣ್ಣೆ ಹಾಕಬಹುದೆಂದು ಕಾರ್ಖಾನೆಯ ಕೈಪಿಡಿಯೇ ಹೇಳುತ್ತದೆ. ಇಂದು ಅನೇಕರು ಅದೇ ದಪ್ಪದ ಬೈಕಿನ ಫೋರ್ಕ್ ಆಯಿಲ್ ಬಳಸುತ್ತಾರೆ. ಎಣ್ಣೆ ತುಂಬಿ, ತೋಳನ್ನು ನಿಧಾನವಾಗಿ ಆಡಿಸಿ ಗಾಳಿ ಹೊರಹಾಕಿದ ಮೇಲೆ ಹಿಡಿತ ಮರಳಿ ಬಂತೆಂದರೆ, ಸೋರಿಕೆಯೂ ಇಲ್ಲವೆಂದರೆ, ಹೊಸದು ಬೇಕಾಗಿಯೇ ಇಲ್ಲ.

ಮುಂದಿನದನ್ನು ಬಿಚ್ಚುವವರಿಗೆ ಒಂದು ಎಚ್ಚರಿಕೆ. ಕಾಯಿಲ್ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದರಲ್ಲಿ ಶಾಕ್ ಅಬ್ಸಾರ್ಬರಿನ ತೋಳಿಗೂ ಪಾಲಿದೆ. ಕೆಳಗಿನ ಸ್ಪ್ರಿಂಗ್ ತಟ್ಟೆಯಡಿ ಜಾಕ್ ಕೊಟ್ಟು ಭದ್ರಪಡಿಸದೆ ಮೇಲಿನ ಬೋಲ್ಟ್ ತೆಗೆದರೆ ಸ್ಪ್ರಿಂಗ್ ಚಿಮ್ಮುತ್ತದೆ. ಕೈಕಾಲು ಮುರಿಯುವಷ್ಟು ಶಕ್ತಿ ಅದಕ್ಕಿದೆ.

ಇನ್ನು ಆಯ್ಕೆ. ಮೊದಲ ದಾರಿ, ಇರುವ ಆರ್ಮ್‌ಸ್ಟ್ರಾಂಗನ್ನೇ ಪುನಃ ಕಟ್ಟಿಸುವುದು. ಪುನಃ ಕಟ್ಟುವುದರಲ್ಲೂ ಎರಡು ಬಗೆ ಇದೆ. ಒಂದು, ಹೊರಗೆ ಬಣ್ಣ ಬಳಿದು ಹೊಸ ಎಣ್ಣೆ ತುಂಬಿಸಿದ್ದು. ಕೆಲವು ತಿಂಗಳಲ್ಲಿ ಮತ್ತೆ ಸೋರುತ್ತದೆ. ಇನ್ನೊಂದು, ಬಾಡಿಯನ್ನು ಬೋರ್ ಮಾಡಿ ಶಾಫ್ಟಿಗೆ ಹೊಸ ಬುಷ್ ಅಥವಾ ಬೇರಿಂಗ್ ಕೂರಿಸಿ, ಇಂದಿನ ಲಿಪ್ ಸೀಲ್ ಹಾಕಿದ್ದು. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಶಾಫ್ಟಿಗೆ ಏನು ಮಾಡಿದ್ದೀರಿ? ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ. ಡಬ್ಬಿಯಲ್ಲೇ ಉಳಿದ ಆ ಕಾಲದ ಹೊಸ ಮಾಲು ಸಿಕ್ಕರೆ ಹಿಗ್ಗಬೇಕಾಗಿಲ್ಲ; ನಲವತ್ತು ವರ್ಷ ಕೂತ ರಬ್ಬರ್ ಸೀಲು ಗಟ್ಟಿಯಾಗಿರುತ್ತದೆ, ಅದನ್ನೂ ಬಿಚ್ಚಿಯೇ ಹಾಕಬೇಕು. ಸ್ವಲ್ಪ ಹೆಚ್ಚು ಬಿಗಿ ಬೇಕೆನ್ನುವವರಿಗೆ ಗಡಸು ಸ್ಪ್ರಿಂಗಿನ ವಾಲ್ವು ಸಿಗುತ್ತದೆ. ಬಿರಡೆ ತೆಗೆದು ವಾಲ್ವು ಬದಲಿಸಿದರೆ ಆಯಿತು, ಇಷ್ಟವಾಗದಿದ್ದರೆ ಹಳೆಯದನ್ನೇ ಮರಳಿ ಹಾಕಬಹುದು.

ಎರಡನೆಯ ದಾರಿ ಟೆಲಿಸ್ಕೋಪಿಕ್ ಕಿಟ್. ಹಿಂಭಾಗಕ್ಕೆ ಇದರ ಪರವಾಗಿ ಗಟ್ಟಿ ವಾದವಿದೆ. ಎಂಜಿಬಿಯ ಹಿಂದೆ ಇಡೀ ಆಕ್ಸಲ್ಲು ಲೀಫ್ ಸ್ಪ್ರಿಂಗಿನ ಮೇಲೆ ಕೂತಿದೆ, ಭಾರವಾದದ್ದು. ಲಿವರ್ ಶಾಕ್ ಅಬ್ಸಾರ್ಬರು ಎರಡು ಬೋಲ್ಟುಗಳ ಮೇಲೆ ದೇಹಕ್ಕೆ ಅಂಟಿಕೊಂಡು ಲಿಂಕ್ ಮೂಲಕ ಆಕ್ಸಲ್ಲನ್ನು ಹಿಡಿಯುತ್ತದೆ. ಟೆಲಿಸ್ಕೋಪಿಕ್‌ನಲ್ಲಿ ಎಣ್ಣೆ ಹೆಚ್ಚು, ಪಿಸ್ಟನ್ನಿನ ಓಟ ಉದ್ದ, ಒತ್ತಡ ಕಡಿಮೆ, ಬಿಸಿಯೇರುವುದು ನಿಧಾನ. ನಮ್ಮ ರಸ್ತೆಗಳಂಥ ರಸ್ತೆಗಳಲ್ಲಿ ದಿನವಿಡೀ ಓಡಿಸುವವರಿಗೆ ಅದು ನಿಜವಾದ ಅನುಕೂಲ. ಆದರೆ ಕಿಟ್ಟಿನ ಬ್ರಾಕೆಟ್ ಕೂರುವ ಜಾಗ ಆ ದಿಕ್ಕಿನ ಏಟಿಗೆಂದು ಮಾಡಿದ್ದಲ್ಲ. ಅಳತೆ ತಪ್ಪಿದರೆ ರಬ್ಬರ್ ಬಂಪ್ ಸ್ಟಾಪಿಗೆ ಆಕ್ಸಲ್ ತಾಗುವ ಮುನ್ನವೇ ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿಕೊಂಡು, ಏಟೆಲ್ಲ ಬ್ರಾಕೆಟ್ಟಿಗೆ ಬೀಳುತ್ತದೆ. ಕೆಳಮುಖವಾಗಿ ಆಕ್ಸಲ್ಲನ್ನು ತಡೆಯುವ ರಿಬೌಂಡ್ ಪಟ್ಟಿಗಳನ್ನು ಕೆಲವರು ಕಿತ್ತೆಸೆಯುತ್ತಾರೆ. ಆಗ ಆಕ್ಸಲ್ಲಿನ ಭಾರವೆಲ್ಲ ಶಾಕ್ ಅಬ್ಸಾರ್ಬರಿನ ರಾಡಿಗೆ ನೇತುಬೀಳುತ್ತದೆ. ಪಟ್ಟಿ ಇರಲೇಬೇಕು. ಸ್ಪ್ರಿಂಗ್ ತಗ್ಗಿಸಿದ ಕಾರಿಗೆ, 1974ರ ಕೊನೆಗೆ ಬಂದ ರಬ್ಬರ್ ಬಂಪರಿನ ಕಾರಿಗೆ ಬೇಕಾದ ಉದ್ದಗಳೂ ಬೇರೆ. ಅಮೆರಿಕದ ನಿಯಮಗಳಿಗಾಗಿ ಆ ರಬ್ಬರ್ ಬಂಪರ್ ಕಾರುಗಳನ್ನು ಸುಮಾರು ಒಂದು ಇಂಚು ಎತ್ತರಿಸಿದ್ದರು. ಕಾರನ್ನು ಅದರ ಸ್ವಂತ ತೂಕದ ಮೇಲೆ ನಿಲ್ಲಿಸಿ, ಎರಡು ತುದಿಗಳ ನಡುವಿನ ಅಂತರ ಅಳೆದು, ಮೇಲಕ್ಕೂ ಕೆಳಕ್ಕೂ ಎಷ್ಟು ಓಟ ಉಳಿಯುತ್ತದೆ ಎಂದು ಬರೆದಿಟ್ಟುಕೊಂಡು ಆಮೇಲೆ ಆರ್ಡರ್ ಮಾಡುವುದು ಸರಿಯಾದ ಕ್ರಮ.

ಮುಂಭಾಗಕ್ಕೆ ಟೆಲಿಸ್ಕೋಪಿಕ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅಗ್ಗದ ಕಿಟ್ಟುಗಳಲ್ಲಿ ಲಿವರ್ ಪೆಟ್ಟಿಗೆ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದಿಲ್ಲದೆ ಚಕ್ರ ನಿಲ್ಲದು. ಅದರ ವಾಲ್ವು ತೆಗೆದು, ಪಕ್ಕದಲ್ಲಿ ಕೊಳವೆಯೊಂದನ್ನು ಸಿಕ್ಕಿಸುತ್ತಾರೆ. ಸವೆದ ಶಾಫ್ಟು ಸವೆದೇ ಇರುತ್ತದೆ. ಇನ್ನು ಎಣ್ಣೆಯನ್ನೂ ಖಾಲಿ ಮಾಡಿದರೆ ಶಾಫ್ಟಿಗೆ ಇದ್ದ ಜಾರುವಿಕೆಯೂ ಹೋಗಿ ಅದು ಇನ್ನೂ ಬೇಗ ಸವೆಯುತ್ತದೆ. ರೋಗ ಇದ್ದಲ್ಲೇ ಉಳಿದು ಔಷಧಿ ಪಕ್ಕಕ್ಕೆ ಸುರಿದಂತಾಯಿತು. ಇಡೀ ಮುಂಭಾಗವನ್ನು ಬದಲಿಸುವ ದುಬಾರಿ ವ್ಯವಸ್ಥೆಗಳೂ ಇವೆ, ಚೆನ್ನಾಗಿಯೇ ಓಡುತ್ತವೆ. ಆದರೆ ಆಮೇಲೆ ಅದನ್ನು ಪುನರುಜ್ಜೀವನ ಎಂದು ಕರೆಯುವುದು ಕಷ್ಟ.

ಟೆಲಿಸ್ಕೋಪಿಕ್ ಕೊಳ್ಳುವವರ ಮುಂದೆ ಹೆಸರುಗಳ ಸಾಲೇ ಇದೆ. ನೆದರ್‌ಲ್ಯಾಂಡ್ಸ್‌ನ ಕೋನಿ 1857ರಲ್ಲಿ ಕುದುರೆ ಸಾಜು ಮಾಡುವ ಅಂಗಡಿಯಾಗಿ ಆರಂಭವಾಗಿ 1932ರಲ್ಲಿ ಶಾಕ್ ಅಬ್ಸಾರ್ಬರಿಗೆ ಬಂದ ಮನೆತನ. ಅದರ ಸಾಂಪ್ರದಾಯಿಕ ಕೆಂಪು ಮಾದರಿಯಲ್ಲಿ ಒಂದು ತುದಿ ಕಳಚಿ, ಪೂರ್ತಿ ಅದುಮಿ ತಿರುಗಿಸಿದರೆ ಇಳಿಯುವಾಗಿನ ಬಿಗಿ ಮಾತ್ರ ಹೆಚ್ಚುತ್ತದೆ. ಸವೆತವನ್ನು ಸರಿತೂಗಿಸಲೂ ಇದು ಒದಗುತ್ತದೆ. ಹೊಸದರಲ್ಲಿ ಕನಿಷ್ಠ ಬಿಗಿಯಿಂದಲೇ ಆರಂಭಿಸಿ. ಜರ್ಮನಿಯ ಬಿಲ್‌ಸ್ಟೈನ್ ಹಾದಿ ಬೇರೆ. ಫ್ರೆಂಚ್ ವಿಜ್ಞಾನಿ ಕ್ರಿಶ್ಚಿಯನ್ ಬುರ್ಸಿಯೆ ದ ಕಾರ್ಬೋನ್ ರೂಪಿಸಿದ ಒಂಟಿ ಕೊಳವೆಯ, ಅನಿಲ ತುಂಬಿದ ಮಾದರಿಯನ್ನು ಅದು 1957ರಲ್ಲಿ ಮರ್ಸಿಡಿಸ್ ಬೆಂಜ್‌ಗೆ ಸರಣಿಯಾಗಿ ಮಾಡಿಕೊಟ್ಟಿತು. ಜೋಡಿ ಕೊಳವೆಯ ಮಾದರಿಯಲ್ಲಿ ಎಣ್ಣೆ ಮತ್ತು ಗಾಳಿ ಒಂದೇ ಮನೆಯಲ್ಲಿರುವುದರಿಂದ ಜೋರಾಗಿ ಆಡಿಸಿದಾಗ ಕಡೆದ ಮಜ್ಜಿಗೆಯಂತೆ ನೊರೆಯೇಳುತ್ತದೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ಅನಿಲವನ್ನು ತೇಲುವ ಪಿಸ್ಟನ್ನಿನಿಂದ ಬೇರೆ ಮಾಡಿ ಒತ್ತಡದಲ್ಲಿಟ್ಟರೆ ನೊರೆ ಏಳದು. ಆದರೆ ಆ ಒತ್ತಡ ರಾಡನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ರಾಡಿನ ದಪ್ಪ 11 ಮಿಲಿಮೀಟರ್, ಒತ್ತಡ 25 ಬಾರ್ ಇದ್ದರೆ ತಳ್ಳುವ ಬಲ ಸುಮಾರು 24 ಕೆ.ಜಿ. ಒಂದು ಟನ್ನಿಗೂ ಕಡಿಮೆ ತೂಕದ ಹಗುರ ಕಾರಿನಲ್ಲಿ ಅಷ್ಟು ಸಾಕು, ಹಿಂಭಾಗ ಕಣ್ಣಿಗೆ ಕಾಣುವಂತೆ ಮೇಲೇಳುತ್ತದೆ. ಸಾಧಾರಣ ರಸ್ತೆ ಓಟದ ಎಂಜಿಬಿಗೆ ಹೆಚ್ಚು ಒತ್ತಡದ ಅನಿಲ ಮಾದರಿ ಬೇಕಿಲ್ಲ.

ಬೇರೆ ಕಾರುಗಳ ಲೆಕ್ಕ ಬೇರೆ. ಟ್ರಯಂಫ್ ಟಿಆರ್6ಕ್ಕೆ ಮುಂದೆ ಟೆಲಿಸ್ಕೋಪಿಕ್, ಹಿಂದೆ ಲಿವರ್. ಜಾಗ್ವಾರ್ ಇ-ಟೈಪ್‌ನ ಹಿಂದೆ ಪ್ರತಿ ಪಕ್ಕಕ್ಕೆ ಎರಡರಂತೆ ನಾಲ್ಕು, ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು. ಡಾಟ್ಸನ್ 240ಜಡ್‌ನಲ್ಲಿ ಸ್ಟ್ರಟ್ ಕೊಳವೆಯೊಳಗೆ ಕಾರ್ಟ್ರಿಡ್ಜ್ ಇಳಿಸುವಾಗ ಸುತ್ತಲಿನ ಸಂದಿಗೆ ಸ್ವಲ್ಪ ಎಣ್ಣೆ ಹಾಕಿದರೆ ಶಾಖ ಹೊರಹೋಗಲು ಸಹಾಯ. ಹಳೆಯ ಪೋರ್ಷೆ 911ಕ್ಕೆ ತರಿಸುವ ಮುನ್ನ ನಿಮ್ಮ ಸ್ಟ್ರಟ್ ಯಾವ ಕಂಪನಿಯದೆಂದು ನೋಡಿ, ಬಿಲ್‌ಸ್ಟೈನ್ ಕಾರ್ಟ್ರಿಡ್ಜ್ ಬೋಗೆ ಸ್ಟ್ರಟ್ಟಿನೊಳಗೆ ಕೂರದು.

ಕರ್ನಾಟಕದ ಮಾಲೀಕರಿಗೆ ಕಾನೂನಿನ ಕೋನವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದಿರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ವಾಹನ ಮೂಲ ರೂಪದಲ್ಲಿರಬೇಕು, ಚಾಸಿಸ್, ದೇಹ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇರಕೂಡದು ಎಂಬುದು ಷರತ್ತು. 1970ರ ದಶಕದ ಆರಂಭದ ಎಂಜಿಬಿಗಳು ಈಗ ಆ ವಯಸ್ಸು ಮುಟ್ಟಿವೆ. ಬೇರೆ ಬ್ರಾಕೆಟ್ಟಿಗಾಗಿ ದೇಹವನ್ನು ಕತ್ತರಿಸಿ ಬೆಸೆದವರು ಪರಿಶೀಲನೆಯ ದಿನ ಉತ್ತರ ಹೇಳಬೇಕಾದೀತು. ಜಾಗತಿಕ ಹಳೆಯ ವಾಹನ ಒಕ್ಕೂಟ ಫಿವಾದ ಟುರಿನ್ ಚಾರ್ಟರ್ ಕೂಡ ಅನಿವಾರ್ಯವಾದ ಬದಲಾವಣೆ ಮರಳಿ ಬಿಚ್ಚುವಂತಿರಬೇಕು, ದಾಖಲಾಗಿರಬೇಕು ಎನ್ನುತ್ತದೆ. ಇರುವ ರಂಧ್ರಗಳನ್ನೇ ಬಳಸುವ ಕಿಟ್ಟಿಗೂ ಹೊಸ ರಂಧ್ರ ಕೊರೆಯುವ ಕಿಟ್ಟಿಗೂ ನಡುವಿನ ಅಂತರ ಬೆಲೆಗಿಂತ ದೊಡ್ಡದು.

ಬಿಡಿಭಾಗ ತರಿಸುವುದೂ ನಮಗೆ ಸುಲಭವಲ್ಲ. ಬ್ರಿಟನ್ನಿನ ಮಾರಾಟಗಾರರು ಪುನಃ ಕಟ್ಟಿದ್ದನ್ನು ಕೊಟ್ಟು ಹಳೆಯದನ್ನು ವಾಪಸ್ ಕೇಳುತ್ತಾರೆ. ಭಾರದ ಪೆಟ್ಟಿಗೆ ಎರಡು ಸಲ ಸಮುದ್ರ ದಾಟಬೇಕು, ಸುಂಕ ಬೇರೆ. ಅದಕ್ಕಿಂತ ಇಲ್ಲೇ ಕಟ್ಟಿಸುವುದು ಜಾಣತನ. ಬೆಂಗಳೂರಿನ ಪೀಣ್ಯದಲ್ಲಿ ಸೂಕ್ಷ್ಮ ಬೋರಿಂಗ್ ಮಾಡುವ ಕಾರ್ಯಾಗಾರಗಳಿಗೆ ಕೊರತೆಯಿಲ್ಲ. ನೈಟ್ರೈಲ್ ಸೀಲು, ಕಂಚಿನ ಬುಷ್ ಇಲ್ಲೇ ಸಿಗುವ ಮಾಲು. ಎರಡೂ ಕಡೆಯ ರಂಧ್ರ ಒಂದೇ ಗೆರೆಯಲ್ಲಿರಬೇಕು ಎಂಬುದೊಂದನ್ನು ಲೇತಿನವರಿಗೆ ಬಿಡಿಸಿ ಹೇಳಿ. ಮಾರಿಸ್ ಮೈನರ್ ಕಾರುಗಳಲ್ಲೂ ಇದೇ ಬಗೆಯ ಲಿವರ್ ಶಾಕ್ ಅಬ್ಸಾರ್ಬರ್ ಇತ್ತಾದ್ದರಿಂದ ಅವನ್ನು ಬಿಚ್ಚಿ ಜೋಡಿಸಿದ ಹಿರಿಯ ಮೆಕ್ಯಾನಿಕ್‌ಗಳು ಸಿಕ್ಕರೆ ಅವರ ಕೈ ಹಿಡಿಯಿರಿ. ಜೆ.ಸಿ. ರಸ್ತೆಯಲ್ಲಿ ಉದ್ದ ಹೊಂದುತ್ತದೆಂದು ಯಾವುದೋ ಜೀಪಿನ ಶಾಕ್ ಅಬ್ಸಾರ್ಬರ್ ತಂದು ಬೆಸೆಯುವುದು ಮಾತ್ರ ಬೇಡ. ಅದರ ವಾಲ್ವು ಬೇರೆ ತೂಕಕ್ಕೆ, ಬೇರೆ ಸ್ಪ್ರಿಂಗಿಗೆ ಹೊಂದಿಸಿದ್ದು.

ಮತ್ತೊಂದು ಮಾತು ಟಯರಿನದು. ಎಂಜಿಬಿ ಬಂದಾಗ ಅದರ ಕಾಲಲ್ಲಿದ್ದದ್ದು 5.60-14 ಅಳತೆಯ ಕ್ರಾಸ್‌ಪ್ಲೈ ಟಯರು, ಆಮೇಲೆ 155 ಮತ್ತು 165ರ ಎತ್ತರದ ರೇಡಿಯಲ್‌ಗಳು. ಆ ಟಯರಿನ ಗೋಡೆಯೂ ಸ್ವಲ್ಪ ಏಟು ನುಂಗುತ್ತಿತ್ತು. ಅಗಲವಾದ, ಗಿಡ್ಡ ಗೋಡೆಯ ಟಯರ್ ಹಾಕಿ ಕಾರು ಒರಟಾಯಿತೆಂದು ಶಾಕ್ ಅಬ್ಸಾರ್ಬರನ್ನು ದೂರುವವರು ಮೊದಲು ಟಯರ್ ಬದಲಿಸಲಿ. ಒಣಗಿದ ರಬ್ಬರ್ ಬುಷ್‌ಗಳು, ಕುಸಿದ ಲೀಫ್ ಸ್ಪ್ರಿಂಗು, ಗ್ರೀಸ್ ಕಾಣದ ಕಿಂಗ್‌ಪಿನ್ ಇವು ಸರಿಯಾಗುವವರೆಗೆ ಯಾವ ಶಾಕ್ ಅಬ್ಸಾರ್ಬರಿನ ಗುಣವೂ ಗೊತ್ತಾಗುವುದಿಲ್ಲ.

ನನ್ನ ತೀರ್ಪು ಹೀಗಿದೆ: ಮುಂದೆ ಸರಿಯಾಗಿ ಬುಷ್ ಹಾಕಿ ಕಟ್ಟಿಸಿದ ಮೂಲ ಲಿವರ್. ಹಿಂದೆಯೂ ಅದೇ; ದೂರದ ಓಟ ಹೆಚ್ಚಿದ್ದರೆ ಮಾತ್ರ, ದೇಹವನ್ನು ಕೊರೆಯದೆ ಕೂರುವ, ಕಡಿಮೆ ಒತ್ತಡದ ಟೆಲಿಸ್ಕೋಪಿಕ್. ಯಾವುದನ್ನೇ ಹಾಕಿದರೂ ಬಿಚ್ಚಿದ ಆರ್ಮ್‌ಸ್ಟ್ರಾಂಗ್ ಪೆಟ್ಟಿಗೆಗಳನ್ನು ಗುಜರಿಗೆ ತೂಗಿ ಕೊಡಬೇಡಿ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಯಾವ ಕಾರಿನದೆಂದು ಚೀಟಿ ಕಟ್ಟಿ ಇಡಿ. ಮುಂದೆ ಆ ಕಾರನ್ನು ಕೊಳ್ಳುವವರಿಗೆ ಮತ್ತೆ ಕಟ್ಟಲು ಬೇಕಾಗುವುದು ಅವೇ.